ದೀಕ್ಷಾಸ್ನಾನಕ್ಕ ಹದಿಮೂರು ದಿನ

ಹುಮನಾಬಾದ
೫ ಮೇ ೨೦೨೫, ಸೋಮವಾರ

ಪ್ರೀತಿಯ ಅಣ್ಣಾ,

ಕರ್ತನ ಹೆಸರಿನ್ಯಾಗ ನಿನಗೂ ವೈನಿಗೂ ಈ ಸಿಟ್ಟಿನ ತಂಗಿಯ ವಂದನಿ. ನಿನ್ನ ಪತ್ರ ಮುಟ್ಟಿ ಮೂರು ವಾರ ಆತು. ಜವಾಬ ಬರೀಲಿಲ್ಲಂತ ಬೈಕೋಬ್ಯಾಡ. ಮೂರು ಸಲ ಬರಿಯಾಕ ಕುಂತೆ, ಮೂರೂ ಸಲ ಹಾಳಿ ಹರದು ಒಗದೆ. ಫೋನ್ ಮಾಡಬೇಕಂದ್ರ ನಿನಗ ಕಿವಿ ಕೇಳೂದಿಲ್ಲ, ನಾ ಒದರಿದ್ರ ಯಾದಗಿರಿಯಾಗಿನ ನಿನ್ನ ಒಬ್ಬನ್ನ ಬಿಟ್ಟು ನಮ್ಮ ಓಣಿ ಮಂದಿಗೆಲ್ಲಾ ಕೇಳತದ. ಮೂವತ್ತೈದು ವರ್ಷ ಸಾಲಿಯಾಗ ಹುಡುಗರಿಗೆ ಶುದ್ಧ ಕನ್ನಡ ಬರೀರಿ ಅಂತ ಬೆತ್ತ ತೋರಿಸಿದಾಕಿ ನಾನೇ, ಖರೆ. ಆದ್ರ ಶುದ್ಧ ಕನ್ನಡದಾಗ ಬರಿಯಾಕ ಹೋದ್ರ ನನ್ನ ಸಿಟ್ಟು ಹೊರಗ ಬರವಲ್ದು. ಅದಕ್ಕ ಬಾಯಿಗೆ ಬಂದಂಗ ಬರಿಯಾಕತ್ತೀನಿ. ಭೂತಗನ್ನಡಿ ಹಿಡಕೊಂಡು ನೀನೇ ಓದು, ಮೊಮ್ಮಕ್ಕಳ ಕೈಲೆ ಓದಸಬ್ಯಾಡ.

ಇವರು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ನಿನ್ನ ಮಣಕಾಲಿನ ಹಾಲತ್ತು ನನಗ ಗೊತ್ತದ, ಮಣ್ಣಿಗೆ ಬರಲಿಲ್ಲಂತ ಬ್ಯಾಸರ ಇಲ್ಲ. ಬ್ಯಾಸರ ಇರೂದು ನಿನ್ನ ಪತ್ರದ ಮ್ಯಾಲ. "ಗುರುಲಿಂಗಪ್ಪನವರು ಒಳ್ಳೆಯ ಮನುಷ್ಯ, ದುಃಖಿಸಬೇಡ" ಅಂತ ಬರದಿ. ಒಳ್ಳೆ ಮನುಷ್ಯ ಅಂತ ನನಗ ಗೊತ್ತಿಲ್ಲೇನು? ಮೂವತ್ತೆಂಟು ವರ್ಷ ಸಂಸಾರ ಮಾಡೀನಿ. ನಾ ಕೇಳಬೇಕಾದದ್ದು ಒಂದೇ, ಅಣ್ಣಾ. ಅವರು ಈಗ ಎಲ್ಲಿ ಅದಾರ? ನಲವತ್ತು ವರ್ಷ ಪಾಸ್ಟರಕಿ ಮಾಡಿದಾವ ನೀ, ಎಷ್ಟೋ ಹೆಣದ ತಲಿ ಕಡೆ ನಿಂತು ಪ್ರಾರ್ಥನಾ ಮಾಡಿದಾವ. ದೀಕ್ಷಾಸ್ನಾನ ಆಗಲಾರದ ಸತ್ತ ಮನುಷ್ಯಾ ನನಗ ಅಲ್ಲಿ ಸಿಗ್ತಾನೋ ಇಲ್ಲೋ? ಹೌದು ಅಂತ ಬರಿ, ಇಲ್ಲಾ ಇಲ್ಲ ಅಂತ ಬರಿ. ನಡುವಿಂದು ಬ್ಯಾಡ.

ಇವರು ಒಮ್ಮೆರೆ ನನ್ನ ದೇವರನ್ನ ಬೈದವರಲ್ಲ. ನಿನಗ ಗೊತ್ತದ. ಇವರು ಹುಡಗಿ ಅನ್ನೂ ಊರಿನ ದನದ ದವಾಖಾನಿಯಾಗ ಕಂಪೌಂಡರ್, ನಾ ಅದೇ ಊರಿನ ಸಾಲಿ ಟೀಚರ್, ಇಬ್ಬರಿಗೂ ಮುಂಜಾನೆ ಒಂದೇ ಬಸ್. ಅಷ್ಟರಾಗೇ ಎಲ್ಲಾ ಆಗಿಹೋತು. ಅವರ ಮನ್ಯಾಗ ಲಿಂಗ ಕಟ್ಟಿದ ಮಗ ನಮ್ಮಂಥವರ ಮನಿ ಹೆಣ್ಣು ತಂದನಂತ ಬಾಗಿಲಾ ಹಾಕಿದ್ರು, ನಮ್ಮ ಮನ್ಯಾಗ ನೀ ಬಾಗಿಲಾ ಹಾಕಿದಿ. ಮಗಳು ರೂಪಾಲಿಗೆ ದೀಕ್ಷಾಸ್ನಾನ ಕೊಡಸತೀನಿ ಅಂದಾಗ "ನಿನ್ನ ಮಗಳು, ನಿನ್ನ ಮರ್ಜಿ" ಅಂದ್ರು. ಪ್ರತಿ ಐತವಾರ ನನ್ನನ್ನ ಸ್ಕೂಟರ್ ಮ್ಯಾಲ ತಂದು ಚರ್ಚಿನ ಗೇಟಿಗೆ ಇಳಸತಿದ್ರು. ಆರಾಧನಾ ಮುಗಿಯೂತನಕ ಹೊರಗಿನ ಬೇವಿನ ಗಿಡದ ಬುಡಕ ಪೇಪರ್ ಓದ್ಕೋತ ಕುಂಡ್ರತಿದ್ರು. ಒಳಗ ಬಾ ಅಂದ್ರ "ಇಲ್ಲೇ ಗಾಳಿ ಚೊಲೋ ಅದ" ಅಂತಿದ್ರು. ನಮ್ಮ ಹೆಣ್ಣಮಕ್ಕಳು ನನ್ನ ಚಾಷ್ಟಿ ಮಾಡತಿದ್ರು. "ಗಯಾಬಾಯಿ ಟೀಚರ್, ನಿಮ್ಮ ಯಜಮಾನ್ರಿಗೆ ಬೇವಿನ ಗಿಡದಾಗೇ ರಕ್ಷಣಿ ಸಿಕ್ಕದೇನ್ರಿ?" ನಾ ನಕ್ಕಂಗ ಮಾಡತಿದ್ದೆ, ಮನಿಗೆ ಬಂದು ಇವರ ಮ್ಯಾಲ ಭಾಂಡೆ ಕುಕ್ಕತಿದ್ದೆ.

ಫೆಬ್ರವರಿಯಾಗ ಡಾಕ್ಟರ್ ಹೃದಯ ದಣದದ, ಇನ್ನ ಹುಷಾರಿಯಿಂದ ಇರ್ರಿ ಅಂದ್ರು. ಅದಾಗಿ ಒಂದು ವಾರಕ್ಕ ಊಟಕ್ಕ ಕುಂತಾಗ ಇವರು ತಾವೇ ಅಂದ್ರು, "ನಿಮ್ಮ ಪಾಸ್ಟರಗ ಬರಾಕ ಹೇಳು. ಆ ನೀರು ಹಾಕಿಸಿಕೊಂಡು ಬಿಡತೀನಿ." ನನ್ನ ಕೈಯಾಗಿನ ಹುಟ್ಟು ಕೆಳಗ ಬಿತ್ತು, ಅಣ್ಣಾ. ಮೂವತ್ತೆಂಟು ವರ್ಷ ಮಾಡಿದ ಪ್ರಾರ್ಥನಾ, ಸಾರು ಬಡಸೂವಾಗ ಹಣ್ಣಾತು.

ನಮ್ಮ ಈಗಿನ ಪಾಸ್ಟರ್ ಸುಧಾಕರ, ಮೂವತ್ತೆರಡರ ಪೋರ. ಮೈಕ್ ಕೈಯಾಗ ಸಿಕ್ಕರ ಬಿಡೂದಿಲ್ಲ, ಮಾತಿಗೊಂದು ಹಲ್ಲೆಲೂಯ. ಅವನ ಚೂಪನ ಬೂಟು ನೋಡಿದ್ರ ನನಗ ತಲಿ ತಿರಗತದ. ಅವ ಬಂದು, "ಆಂಟಿ, ಕಮಿಟಿ ನಿಯಮ ಅದರಿ, ದೊಡ್ಡವರಾದ್ರ ಆರು ವಾರ ಪಾಠ ಆಗಬೇಕು" ಅಂದ. ಮಾರ್ಚ್ ಮೊದಲಿಗೆ ಪಾಠ ಸುರು ಆತು. ವಾರಕ್ಕ ಎರಡು ದಿನ ಸಂಜಿ ಐದಕ್ಕ ಬರಾಂವ. ಇವರು ದಿಂಬಿಗೆ ಒರಗಿ ಕುಂತು ಕೇಳವರು.

ಒಂದಿನ ಕಡೇ ದಿನದ ನ್ಯಾಯತೀರ್ಪಿನ ಪಾಠ ಬಂತು. ಮನುಷ್ಯಕುಮಾರ ಸಿಂಹಾಸನದ ಮ್ಯಾಲ ಕುಂತು ಕುರಿಗಳನ್ನ ಬಲಕ್ಕೂ ಆಡುಗಳನ್ನ ಎಡಕ್ಕೂ ನಿಂದ್ರಸೂದು, ಎಡಗಡೆಯವರನ್ನ ನಿತ್ಯದ ಬೆಂಕಿಗೆ ಕಳಸೂದು. ಇವರು ಕೈ ಎತ್ತಿ ತಡದರು. "ಪಾಸ್ಟರ್, ಮೂವತ್ತು ವರ್ಷ ಆಡಿಗೆ ಸೂಜಿ ಚುಚ್ಚೀನಿ. ಆಡಿಂದೇನು ಗುನ್ನೆ? ಕುರಿಗಿಂತ ಹೆಚ್ಚಿನ ಅಕಲ್ ಅದ ಅದಕ್ಕ." ಪಾಸ್ಟರ್ ಹೊಟ್ಟಿ ಹಿಡಕೊಂಡು ನಕ್ಕ. ಆಮ್ಯಾಲ ಅವನೇ ಓದಿ ಹೇಳಿದ, ಹಸದವರಿಗೆ ಉಣಿಸಿದವರು, ನೀರಡಿಸಿದವರಿಗೆ ನೀರು ಕೊಟ್ಟವರು, ಜಡ್ಡಾದವರನ್ನ ನೋಡಿದವರು ಬಲಗಡೆ ಅಂತ. ಇವರು ಚಷ್ಮಾ ಏರಿಸಿ, "ಇಲ್ಲಿ ರಜಿಸ್ಟರ್ ತಗದು ಹೆಸರು ನೋಡ್ಯಾರಂತ ಎಲ್ಲೀ ಬರದಿಲ್ಲಲ್ಲ" ಅಂದ್ರು. ಪಾಸ್ಟರ್ ಪುಸ್ತಕಾ ತಿರುವಿದ, ಮತ್ತ ತಿರುವಿದ, "ಅದು ಮುಂದಿನ ಪಾಠದಾಗ ಬರ್ತದರಿ" ಅಂದ. ಮುಂದಿನ ಪಾಠದಾಗ ಜೀವಬಾಧ್ಯರ ಪುಸ್ತಕ ಬಂತು, ಅದರಾಗ ಹೆಸರಿಲ್ಲದವರಿಗೆ ಬೆಂಕಿಯ ಕೆರೆ ಅಂತ. ಆ ದಿನ ಇವರು ಚಾ ಕುಡದು ಮಲಗಿದ್ರು.

ಎರಡು ಪಾಠ ಉಳದಿದ್ದು. ಈಸ್ಟರಿಗೆ ಬಿಷಪ್ ಸಾಹೇಬ್ರು ಹುಮನಾಬಾದಕ್ಕ ಬರೂದಿತ್ತು. ಏಪ್ರಿಲ್ ಒಂಬತ್ತಕ್ಕ, ಬುಧವಾರ ಮುಂಜಾನೆ ಹನ್ನೊಂದಕ್ಕ, ಇವರು ಉಪ್ಪಿಟ್ಟು ತಿಂದು ನೀರು ಕೇಳಿದ್ರು. ತರೂದ್ರಾಗ ಮುಗದಿತ್ತು.

ಮುಂದಿಂದು ಕೇಳು. ಕಮಿಟಿ ಹಿರಿಯರು ಬಂದ್ರು, ಹಾಸಿಗಿ ಕಡೆ ಸುದ್ದಾ ನೋಡಲಿಲ್ಲ, ಬಾಗಲ್ದಾಗೇ ನಿಂತು ಮಾತಾಡಿದ್ರು. "ಟೀಚರ್, ಸಭೆದ ಸದಸ್ಯರಲ್ಲರಿ. ನಮ್ಮ ಸ್ಮಶಾನದಾಗ ಜಾಗಾನೂ ಕಮ್ಮಿ ಅದ. ಒಬ್ಬರಿಗೆ ಕೊಟ್ರ ನಾಳಿಗೆ ಎಲ್ಲಾರೂ ಕೇಳ್ತಾರ." ಮೂವತ್ತು ವರ್ಷ ಅವರ ಮಕ್ಕಳಿಗೆ ಸಂಡೇಸ್ಕೂಲ್ ಪಾಠ ಹೇಳಿದಾಕಿ ನಾನು! ನಾಳೆ ನನ್ನ ಹೂಣೂ ಜಾಗದ ಬಾಜೂಕ ಆರು ಅಡಿ ಕೊಡಾಕ ಆಗಲಿಲ್ಲ ಅವರಿಗೆ. ಪಾಸ್ಟರ್ ತಲಿ ಕೆಳಗ ಹಾಕಿ ನಿಂತಿದ್ದ.

ಮಧ್ಯಾಹ್ನ ಮೂರಕ್ಕ ಬಸವಕಲ್ಯಾಣದಿಂದ ಇವರ ಅಣ್ಣ ಬಸವಣಪ್ಪ ಟೆಂಪೋ ತಗೊಂಡು ಬಂದ. ಮೂವತ್ತೆಂಟು ವರ್ಷ ನಮ್ಮ ಹೊಸ್ತಿಲಾ ತುಳದಿದ್ದಿಲ್ಲ. ಇವರ ಕಾಲ ಹಿಡಕೊಂಡು ಸಣ್ಣ ಹುಡುಗರಂಗ ಅತ್ತ. "ನಮ್ಮ ತಮ್ಮ, ನಮ್ಮ ಹೊಲದಾಗ ಇರ್ತಾನ. ಯಾರನ್ನ ಕೇಳೂದದ ಇದರಾಗ?" ಅಂದ. ನಾ ಹೂಂ ಅಂದೆ.

ಕಲ್ಯಾಣದ ಅವರ ಹೊಲದಾಗ ಕುಣಿ ತೋಡಿ, ಕೈಯಾಗ ಲಿಂಗ ಇಟ್ಟು, ವಿಭೂತಿ ಹಚ್ಚಿ, ಇವರನ್ನ ಕುಂದರಿಸಿ ಮಣ್ಣು ಮಾಡಿದ್ರು. ನಾವು ಮಲಗಸತೀವಿ, ಅವರು ಕುಂದರಸತಾರ, ಅಷ್ಟೇ ಫರಕು. ಬಸವಣಪ್ಪ ನನ್ನ ಕಡೆ ತಿರಗಿ, "ಗಯಾಬಾಯಿ, ನಿಮ್ಮ ಪ್ರಾರ್ಥನಾ ಏನರ ಇದ್ರ ಮಾಡ್ರಿ, ನಮಗೇನೂ ಅಡ್ಡಿ ಇಲ್ಲ" ಅಂದ. ಸಾವಿರ ಸಲ ಮಂದಿ ಸಲುವಾಗಿ ಪ್ರಾರ್ಥನಾ ಮಾಡಿದಾಕಿ, ಅಲ್ಲಿ ಬರೇ ಮೂರು ಹಿಡಿ ಮಣ್ಣು ಹಾಕಿ ಬಂದೆ. ಸತ್ತವರನ್ನ ಎಬ್ಬಿಸೂ ಕಡೇ ತುತ್ತೂರಿ ಊದಿದ ದಿನ ನಾ ಹುಮನಾಬಾದದಾಗ ಏಳ್ತೀನಿ, ಇವರು ಕಲ್ಯಾಣದಾಗ ಏಳ್ತಾರ. ಅವತ್ತ ನಮಗ ಬಸ್ ಯಾರು ಬಿಡ್ತಾರ, ಹೇಳು?

ನಗಬ್ಯಾಡ. ನನಗೂ ನಗು ಬರ್ತದ, ಬಂದ ಮ್ಯಾಲ ನಿಲ್ಲೂದಿಲ್ಲ, ಅದು ಅಳು ಆಗಿ ಬಿಡತದ.

ಈಸ್ಟರ್ ದಿನ ಹಟಕ್ಕ ಬಿದ್ದು ಚರ್ಚಿಗೆ ಹೋದೆ. ಮೂರು ಮಂದಿಗೆ ದೀಕ್ಷಾಸ್ನಾನ ಆತು ಬಿಷಪ್ಪರ ಕೈಲೆ. ನಾಲ್ಕನೇದಾವರು ಇವರಾಗಬೇಕಿತ್ತು. ಹೊರಗ ಬಂದಾಗ ಗೇಟಿನ್ಯಾಗ ಪಾಸ್ಟರ್ ಕೈ ಮುಗದ. ನನಗ ಮೈ ಉರದು ಹೋತು. ಎಲ್ಲಾರ ಮುಂದ, ಬಿಷಪ್ಪರ ಮುಂದ ಒದರಿದೆ. "ಆರು ವಾರ ಪಾಠ, ಆರು ವಾರ ಪಾಠ ಅಂತ ಒಂದು ಜೀವಾ ಹೊರಗ ನಿಂದರಿಸಿದಿ! ದೇವರೇನು ಹೆಡ್ ಮಾಸ್ತರ್ ಏನೋ? ಆ ದಿನ ನ್ಯಾಯಾಸನದ ಮುಂದ ನೀ ಜವಾಬ ಕೊಡು!" ಅವ ಒಂದು ಮಾತು ಆಡಲಿಲ್ಲ, ಕೈ ಮುಗದಾವ ಹಂಗೇ ನಿಂತ. ತಪ್ಪು ಮಾಡಿದವರಿಗೆ ಬಾಯಿ ಎಲ್ಲಿಂದ ಬರ್ತದ ಅಂತ ಮಂದಿ ಅಂದ್ರು.

ಮುಂದಿನ ವಾರ ಸಂಡೇಸ್ಕೂಲಿಗೆ ಹೋದೆ. ಏಳು ವರ್ಷದ ಮನೀಷಾ, ನನ್ನ ಕ್ಲಾಸಿನ ಪೋರಿ, ನನ್ನ ಸೆರಗು ಜಗ್ಗಿ ಕೇಳಿದ್ಲು, "ಟೀಚರ್, ಗಿಡದ ಬುಡಕ ಕುಂದರತಿದ್ದ ಅಜ್ಜ ಬೆಂಕಿ ಕೆರ್ಯಾಗ ಅದಾರೇನ್ರಿ?" ಆ ಕೆರಿ ಚಿತ್ರಾ ಕೆಂಪು ಸೀಮೆಸುಣ್ಣದಾಗ ಬೋರ್ಡಿನ ಮ್ಯಾಲ ಬರದು ತೋರಿಸಿದಾಕಿ ನಾನೇ. ವರ್ಷಾ ವರ್ಷಾ ತೋರಿಸೀನಿ. ಅವತ್ತೇ ಸಂಡೇಸ್ಕೂಲ್ ಬಿಟ್ಟೆ.

ಬಾಜೂ ಮನಿ ಮುನ್ನಿ ಬೀ ದಿನಾ ಬಂದು ಒಂದು ತುತ್ತು ಉಣಿಸಿ ಹೋಗ್ತಾಳ. "ಕಯಾಮತದ ದಿನ ಯಾರು ಎಲ್ಲಿಗೆ ಅನ್ನೂದು ಅವನ ಕಚೇರಿ. ನೀ ಯಾಕ ಅಲ್ಲಿ ಜವಾನಕಿ ಮಾಡಾಕ ಹೋಗ್ತಿ ಬಾಯಿ?" ಅಂತಾಳ. ಆಕಿಗೇನು, ಆಕಿ ಗಂಡ ಐದು ಹೊತ್ತು ನಮಾಜ ಮಾಡಿ ಸತ್ತಾವ. ಪಾಸ್ಟರ್ ಎರಡು ಸಲ ನಮ್ಮ ಬಾಗಿಲಿಗೆ ಬಂದ, ನಾ ತಗೀಲಿಲ್ಲ. ಮುನ್ನಿ ಬೀನೇ ಅವನಿಗೆ ನೀರು ಕೊಟ್ಟು ಕಳಿಸಿದ್ಲು.

ಸಾಕು, ಕೈ ನೋಯತದ. ವೈನಿಗೆ ಎಣ್ಣಿ ಹಚ್ಚಿ ಕಾಲ ತಿಕ್ಕಿಕೊಳ್ಳಾಕ ಹೇಳು. ಮಕ್ಕಳಿಗೆ ನನ್ನ ಮುತ್ತು. ಕರ್ತನು ನಿನ್ನ ಕಣ್ಣಿನ ಬೆಳಕು ಕಾಯಲಿ.

ನಿನ್ನ ತಂಗಿ
ಗಯಾ

ತಾ.ಕ.: ಬಿಷಪ್ಪರ ಕಚೇರಿಯಾಗ ನಿನ್ನ ಮಾತಿಗೆ ಇನ್ನೂ ಕಿಮ್ಮತ್ತು ಅದ. ಈ ಪಾಸ್ಟರನ ಬಗ್ಗೆ ನೀ ಒಂದು ಕಾಗದ ಬರಿ. ಇನ್ನೊಬ್ಬರ ಗಂಡಂದಿರಿಗಾದ್ರೂ ಹಿಂಗ ಆಗಬಾರದು.


ಹುಮನಾಬಾದ
೧೦ ಜೂನ್ ೨೦೨೫, ಮಂಗಳವಾರ

ಅಣ್ಣಾ,

ವಂದನಿ. ನಿನ್ನ ಜವಾಬ ಬಂದು ಹದಿನೈದು ದಿನ ಆತು, ಈಗ ಕುಂತೀನಿ. ತಡ ಆಗಿದ್ದಕ್ಕ ಈ ಸಲ ನೆಪ ಹೇಳೂದಿಲ್ಲ. ಬರಿಯಾಕ ಅಂಜಿದೆ.

ಹೌದು ಅಥವಾ ಇಲ್ಲ ಅಂತ ಬರಿ ಅಂದಿದ್ದೆ. ನೀ ನಾಲ್ಕು ಹಾಳಿ ಬರದಿ. ಶಿಲುಬಿ ಮ್ಯಾಲ ಕರ್ತನ ಬಾಜೂಕ ಸತ್ತ ಕಳ್ಳನ ಕಥಿ ಬರದಿ. ಅವಗ ಎಲ್ಲಿತ್ತು ದೀಕ್ಷಾಸ್ನಾನ, ಆದ್ರೂ ಅವತ್ತೇ ಪರದೈಸಿಗೆ, ಸ್ವರ್ಗಕ್ಕ, ಹೋಗಲಿಲ್ಲೇನು ಅಂತ. ದೇವರ ಕರುಣೆ ನಮ್ಮ ನಿಯಮಕ್ಕಿಂತ ವಿಶಾಲ ಅಂತ. ಹೃದಯದಾಗ ಒಪ್ಪಿದಾವನ್ನ ಕರ್ತ ತಳ್ಳೂದಿಲ್ಲ ಅಂತ. ಎಲ್ಲಾ ಚೊಲೋನೇ ಬರದಿ, ಅಕ್ಷರಾನೂ ಮುತ್ತಿನಂಗ ಅದಾವ.

ಆದ್ರ ನನಗ ಸಿಟ್ಟು ಬಂತು. ಸಾವಿರದ ಒಂಬೈನೂರ ಎಂಬತ್ತೇಳರಾಗ ನಮ್ಮ ಅಂಗಳದಾಗ ನಿಂತು ನೀ ಏನಂದಿದ್ದಿ, ನೆನಪದ ಏನು? "ಅವ ನರಕಕ್ಕ ಹೋಗಾಂವ, ನೀ ಅವನ ಕೈ ಹಿಡಕೊಂಡು ಹೊಂಟಿ." ಆ ಮಾತು ನಾ ಹಾಸಿಗಿಗೆ ಒಯ್ದೀನಿ, ಒಲಿ ಮುಂದ ಒಯ್ದೀನಿ, ಹಡಿಯಾಕ ಹೋದಾಗ ದವಾಖಾನಿಗೂ ಒಯ್ದೀನಿ. ಮೂವತ್ತೆಂಟು ವರ್ಷ ಇವರು ಕೆಮ್ಮಿದ್ರ ಸಾಕು, ಎದಿ ಧಸಕ್ ಅಂತಿತ್ತು. ಈಗ ನೀ ಕರುಣೆ ವಿಶಾಲ ಅಂತಿ. ಆವಾಗ ನಿನ್ನ ನರಕ ಕಲ್ಲಿನಂಗ ಗಟ್ಟಿ ಇತ್ತು, ಈಗ ನಿನ್ನ ಮಣಕಾಲಿನ ಗತೆ ಅದೂ ಸಡಲ್ಯದೇನು? ಇಷ್ಟು ಅಗಲ ಇತ್ತಂದ್ರ ನನಗ ಆವಾಗೇ ಯಾಕ ಹೇಳಲಿಲ್ಲ? ಯಾವ ಅಣ್ಣನ್ನ ನಂಬಲಿ ನಾ, ಅಂಗಳದಾಗ ನಿಂತಾವನ್ನೋ, ಪತ್ರ ಬರದಾವನ್ನೋ?

ಬೈಯಾಕತ್ತೀನಿ, ಸಿಟ್ಟಾಗಬ್ಯಾಡ. ಬೈಯಾಕ ನನಗ ಉಳದಾವ ನೀ ಒಬ್ಬನೇ.

ಹೋದ ವಾರ ಕಲ್ಯಾಣಕ್ಕ ಹೋಗಿದ್ದೆ. ಬಸವಣಪ್ಪನ ಹೆಂಡ್ತಿ ಸುಂದರಬಾಯಿ ನನ್ನ ಕೈ ಹಿಡದು ಒಳಗ ಕರಕೊಂಡು ಹೋದ್ಲು, ತಾ ಉಣ್ಣೂ ತಾಟಿನ್ಯಾಗ ನನಗ ಜ್ವಾಳದ ರೊಟ್ಟಿ ಹಾಕಿ ಕೊಟ್ಲು. "ಇಷ್ಟು ವರ್ಷ ನಿಮ್ಮನ್ನ ಹೊರಗ ಇಟ್ಟಿವಿ, ತಪ್ಪಾತು ಬಾಯಿ" ಅಂದ್ಲು. ಇಬ್ಬರೂ ಹೊಲಕ್ಕ ಹೋದಿವಿ. ಆಕಿ ಎರಡು ಹೂವು ಇಟ್ಟು, "ಮೈದುನ ಲಿಂಗದಾಗ ಕೂಡಿದ, ಇನ್ನ ಅವನಿಗೆ ಹೋಗೂದೂ ಇಲ್ಲ ಬರೂದೂ ಇಲ್ಲ" ಅಂತ ಅಂದು ಸೆರಗಿನಿಂದ ಮುಖಾ ಒರಸಿಕೊಂಡ್ಲು. ಆಕಿಗೆ ಮುಗೀತು. ಆಕಿ ಮನಿಗೆ ಹೋಗಿ ಉಂಡು ಮಲಗ್ತಾಳ. ನನಗ ಹೊಟ್ಟಿಕಿಚ್ಚು ಬಂತು, ಅಣ್ಣಾ, ಸುಳ್ಳು ಯಾಕ ಹೇಳ್ಲಿ. ನಮಗ ಸಾವಾದ ಮ್ಯಾಲ ಇನ್ನೂ ವಿಚಾರಣಿ ಉಳದಿರತದ.

ಈಗ ಮುಖ್ಯ ಮಾತು. ನಿನ್ನ ಕಾಗದ ಬಿಷಪ್ಪರಿಗೆ ಮುಟ್ಟಿತು. ಸುಧಾಕರ ಪಾಸ್ಟರನ್ನ ಕರಿಸಿ ಕೇಳ್ಯಾರ, "ಆರು ವಾರ ಪಾಠ ಅಂತ ಸಾಯೂ ಮನುಷ್ಯಾಗ ದೀಕ್ಷಾಸ್ನಾನ ತಡದಿ ಏನು?" ಅಂತ. ಅವ ಏನಂದಾನಂತ ಕಮಿಟಿ ಹಿರಿಯರೇ ಬಂದು ನನಗ ಖುಷಿಲೆ ಹೇಳಿದ್ರು. "ಹೌದರಿ, ತಪ್ಪು ನಂದು" ಅಂದಾನಂತ. ಬ್ಯಾರೆ ಒಂದು ಮಾತು ಇಲ್ಲಂತ. ಔರಾದ ಕಡೆ ಯಾವುದೋ ಸಣ್ಣ ಹಳ್ಳಿಗೆ ಹಾಕ್ಯಾರ. ಹೆಂಡ್ತಿಗೆ ಎಂಟು ತಿಂಗಳು. ಅಲ್ಲಿ ದವಾಖಾನಿ ಇಲ್ಲ, ಪಾಸ್ಟರಗ ಇರಾಕ ಮನಿ ಸುದ್ದಾ ಇಲ್ಲ. ಇದೇ ಹದಿನಾರಕ್ಕ ಹೋಗಬೇಕು. ಐತವಾರ ಆರಾಧನಾದಾಗ ಎಲ್ಲಾರಿಗೂ ಹೇಳಿ ಕೈ ಮುಗದ. ಅವತ್ತ ಮೈಕ್ ಹಿಡೀಲಿಲ್ಲ. ಇವರನ್ನ ಹೂಣೂದಕ್ಕ ಜಾಗಾ ಕೊಡ್ರಿ ಅಂತ ಕಮಿಟಿ ಮುಂದ ಎರಡು ತಾಸು ಹೊಯ್ದಾಡಿದ್ದನಂತ, ಅದೂ ನನಗ ಈಗ ಗೊತ್ತಾತು.

ನೀ ಈ ಪತ್ರ ಮುಟ್ಟಿದ ದಿನಾನೇ ಬಿಷಪ್ಪರಿಗೆ ಮತ್ತ ಬರಿ. ನನ್ನ ತಂಗಿ ತಪ್ಪು ತಿಳಕೊಂಡು ಹೇಳ್ಯಾಳ, ಆ ಮಾತು ನಂಬಬ್ಯಾಡ್ರಿ ಅಂತ ಬರಿ. ರೂಪಾಲಿ ಕಡೆಯಿಂದ ಬಿಷಪ್ಪರ ಕಚೇರಿಗೆ ಫೋನ್ ಮಾಡಸಾಕತ್ತೀನಿ, ಆದ್ರ ಅವರು ಲಿಖಿತ ಬೇಕಂತಾರ. ಯಾಕ ಅಂತ ನನ್ನ ಕೇಳಬ್ಯಾಡ. ಬರಿ ಅಷ್ಟೇ.

ವೈನಿಗೆ ನಮಸ್ಕಾರ. ಮೊಮ್ಮಕ್ಕಳು ಸಾಲಿಗೆ ಹೊಂಟಿರಬೇಕು, ಅವರ ತಲಿ ಮ್ಯಾಲ ಕೈ ಇಟ್ಟು ನನ್ನ ಹೆಸರಲೆ ಹರಸು. ಮಳಿ ಸುರು ಆಗ್ಯದ, ಹೊರಗ ತಿರಗಾಡಬ್ಯಾಡ, ಜಾರಿ ಬೀಳ್ತಿ. ಕರ್ತನು ನಿನ್ನನ್ನ ಇನ್ನೂ ಹತ್ತು ವರ್ಷ ನನ್ನ ಬೈಗುಳ ಓದಾಕ ಇಡಲಿ.

ನಿನ್ನ ತಂಗಿ
ಗಯಾ

ತಾ.ಕ.: ಲಕೋಟಿ ಅಂಟಿಸಿ ಮತ್ತ ಬಿಚ್ಚೀನಿ. ಯಾಕ ಅಂತ ಕೇಳಬ್ಯಾಡ ಅಂದೆ, ಆದ್ರ ಕಾರಣ ಇಲ್ಲದ ನೀ ಒಂದು ಸಾಲು ಬರಿಯಾವ ಅಲ್ಲ.

ಆರು ವಾರ ಪಾಠ ಅಡ್ಡ ಬರಲಿಲ್ಲ. ಏಪ್ರಿಲ್ ಏಳು, ಸೋಮವಾರ, ಇವರು ಹೋಗೂದಕ್ಕ ಎರಡು ದಿನ ಮೊದಲ, ಮುಂಜಾನೆ ಹತ್ತಕ್ಕ ಪಾಸ್ಟರ್ ತಾನೇ ಬಂದ. ಇವರೇ ಫೋನ್ ಮಾಡಿ ಕರಿಸಿದ್ರು, ನನಗ ಗೊತ್ತಿದ್ದಿಲ್ಲ. "ಆಂಟಿ, ಕಮಿಟಿಗೆ ನಾ ಜವಾಬ ಕೊಡತೀನಿ, ಪಾಠ ಇರ್ಲಿ, ಇವತ್ತೇ ಕೊಟ್ಟುಬಿಡೂಣ್ರಿ" ಅಂದ. ನಮ್ಮ ಅಡಗಿ ಮನಿಯಿಂದ ಒಂದು ಹಿತ್ತಾಳಿ ಬಟ್ಟಲದಾಗ ನೀರು ತಂದು ಇವರ ತಲಿದಿಂಬಿನ ಬಾಜೂಕ ಇಟ್ಟ. ಇವರು ಶರ್ಟಿನ ಗುಂಡಿ ಹಾಕಿಕೊಂಡು, ಕೂದಲಾ ತೀಡಿಕೊಂಡು ಎದ್ದು ಕುಂತಿದ್ರು.

ನಾ ಒಲ್ಲೆ ಅಂದೆ.

ಮೂವತ್ತೆಂಟು ವರ್ಷ ಮಂದಿ ನನ್ನ ನೋಡಿ ನಕ್ಕಾರ. ಇವರು ಹಾಸಿಗಿ ಮ್ಯಾಲ ಕದ್ದು ಮುಚ್ಚಿ ಮಾಡಿಸಿಕೊಂಡ್ರ ಯಾರು ನಂಬ್ತಾರ? ಸಾಯೂ ಹೊತ್ತಿಗೆ ಹೆಂಡ್ತಿ ನೀರು ಚಿಮಕಿಸಿದ್ಲು ಅಂತಾರ. ಈಸ್ಟರ್ ದಿನ, ಬಿಷಪ್ಪರ ಕೈಲೆ, ತುಂಬಿದ ಚರ್ಚಿನ್ಯಾಗ, ಬಿಳಿ ಧೋತರಾ ಉಟ್ಟು ಇವರು ನನ್ನ ಕೈ ಹಿಡಕೊಂಡು ಮುಂದ ನಡಿಯೂದನ್ನ ಆ ಹೆಣ್ಣಮಕ್ಕಳು ಕಣ್ಣು ತುಂಬ ನೋಡಬೇಕಿತ್ತು. ಅದು ನನಗ ಬೇಕಿತ್ತು. ಧೋತರಾ ತಂದಿಟ್ಟಿದ್ದೆ. "ಹದಿಮೂರು ದಿನ ಅದ ಅಷ್ಟೇ, ತಡೀರಿ" ಅಂದೆ. ಪಾಸ್ಟರ್ ಎರಡು ಸಲ ಕೈ ಮುಗದ, "ಆಂಟಿ, ಮುಂದಿಂದು ಯಾರಿಗೆ ಗೊತ್ತದರಿ" ಅಂದ. ನಾ ಬಟ್ಟಲಾ ಎತ್ತಿಕೊಂಡು ಹೋಗಿ ನೀರು ಬಚ್ಚಲಕ್ಕ ಚೆಲ್ಲಿ ಬಂದೆ.

ನೀ ಬರದ ಕಳ್ಳನ ಬಾಜೂಕ ಹೆಂಡ್ತಿ ನಿಂತಿದ್ದಿಲ್ಲ, ಅಣ್ಣಾ. ಈಸ್ಟರ್ ದಿನ ಗೇಟಿನ್ಯಾಗ ನಾ ಒದರೂವಾಗ ಪಾಸ್ಟರ್ ಒಂದೇ ಮಾತಿನ್ಯಾಗ ನನ್ನ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. ಬಿಷಪ್ಪರ ಮುಂದೂ ಹೇಳಲಿಲ್ಲ. ಬರೂ ಐತವಾರ ಅವನ ಕಡೇ ಆರಾಧನಾ. ಅವತ್ತ ಎಲ್ಲಾರ ಮುಂದ ಎದ್ದು ನಿಂತು ಇದನ್ನ ನಾನೇ ಹೇಳಬೇಕಂತ ಮಾಡೀನಿ.

ಆ ಸೋಮವಾರ ಪಾಸ್ಟರ್ ಹೋದ ಮ್ಯಾಲ ಇವರು ಗುಂಡಿ ಬಿಚ್ಚಿ ಮತ್ತ ಮಲಗಿದ್ರು. ಸಿಟ್ಟಾಗಲಿಲ್ಲ. "ನನಗ ನರಕದ ಅಂಜಿಕಿ ಇಲ್ಲ ಗಯಾ, ನೀ ಸ್ವರ್ಗದಾಗ ಒಬ್ಬಾಕಿನೇ ಆಗ್ತಿ ಅಂತ ಇದನ್ನ ಮಾಡಿಸಿಕೊಳ್ಳಾಕತ್ತಿದ್ದೆ" ಅಂದ್ರು. ಚಾದರಾ ಎಳಕೊಂಡು, "ಆ ದಿನದ ತನಕ ನಾ ಇರಲಿಲ್ಲಂದ್ರ?" ಅಂತ ಕೇಳಿದ್ರು.

ನಾ ಧೋತರಕ್ಕ ಇಸ್ತ್ರಿ ಮಾಡಾಕತ್ತಿದ್ದೆ. ತಿರಗಿ ಸುದ್ದಾ ನೋಡಲಿಲ್ಲ. "ಇರ್ತೀರಿ, ಸುಮ್ಮನ ಮಲಕೋರಿ" ಅಂದೆ.